ಲೈನ್ ಬಂತೇನು?

ನಮ್ಮ ಮಸರಕಲ್ಲಿಗೆ ರೈಲು ಲೈನ್ ಇಲ್ಲ. ಮಸರಕಲ್ಲಿಗೇನು, ಇಡೀ ದೇವದುರ್ಗ ತಾಲೂಕಿಗೇ ಇಲ್ಲ. ಆದರೂ ಊರಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಅತಿ ಹೆಚ್ಚು ಸಲ ಕಿವಿಗೆ ಬೀಳುವ ಇಂಗ್ಲಿಷ್ ಶಬ್ದ ಯಾವುದೆಂದು ಯಾರಾದರೂ ಕೇಳಿದರೆ ನಾನು ಹಿಂದೆಮುಂದೆ ನೋಡದೆ ‘ಲೈನ್’ ಎನ್ನುತ್ತೇನೆ. ‘ಮೊಬೈಲ್’ ಎಂದು ವಾದಿಸುವವರು ಇದ್ದಾರೆ. ಆದರೆ ಮೊಬೈಲ್ ಎಂದರೆ ಮೊಬೈಲು, ಅಲ್ಲಿಗೆ ಮುಗಿಯಿತು. ಲೈನ್ ಹಾಗಲ್ಲ. ಹೊಲದಲ್ಲಿ ಅದಕ್ಕೆ ಒಂದು ಅರ್ಥ, ಸಾಲಿಯಲ್ಲಿ ಇನ್ನೊಂದು, ಗೊಬ್ಬರದ ಅಂಗಡಿ ಮುಂದೆ ಮತ್ತೊಂದು, ದವಾಖಾನೆಯಲ್ಲಿ ಬೇರೆ, ಕಟ್ಟೆ ಮೇಲೆ ಕೂತ ಹುಡುಗರ ಬಾಯಲ್ಲಂತೂ ಹಿರಿಯರು ಕೇಳಬಾರದ್ದು. ಚಹಾದಂಗಡಿಯಲ್ಲಿ ಒಂದು ಕಪ್ ಮುಗಿಯುವಷ್ಟರಲ್ಲಿ “ಲೈನ್ ಸಿಗವಲ್ದು”, “ಲೈನ್ ಹರ್ದು ಬಿದ್ದಾದ”, “ಅವ ಆ ಲೈನಿನ ಮನಷ್ಯಾ ಅಲ್ಲ”, “ಹುಡುಗ ಈಗ ಲೈನಿಗೆ ಬಂದಾನ” ಎಂಬ ನಾಲ್ಕು ಮಾತು ಬಂದು ಹೋಗಿರುತ್ತವೆ. ಒಬ್ಬರಿಗೂ ಗೊಂದಲವಾಗುವುದಿಲ್ಲ.

ಈ ಲೈನುಗಳ ಕುಟುಂಬದಲ್ಲಿ ಹಿರಿಯಣ್ಣ ಕರೆಂಟಿನದು. ಇಲ್ಲೊಂದು ಸೂಕ್ಷ್ಮವಿದೆ. ಮನೆಗೆ ಬರುವುದು ಲೈಟು ಅಥವಾ ಕರೆಂಟು. ಹೊಲಕ್ಕೆ ಬರುವುದು ಲೈನು. ರಾತ್ರಿ ಊಟ ಮಾಡುವಾಗ ದೀಪ ಆರಿದರೆ “ಲೈಟ್ ಹೋಯ್ತು” ಎನ್ನುತ್ತೇವೆ. ಬೋರಿನ ಮೋಟಾರು ನಿಂತರೆ ಮಾತ್ರ “ಲೈನ್ ಹೋಯ್ತು”. ಪಂಪ್‌ಸೆಟ್ಟುಗಳಿಗೆ ದಿನಕ್ಕೆ 7 ತಾಸು ತ್ರೀ ಫೇಸ್ ಕೊಡುವುದು ರಾಜ್ಯದ ನಿಯಮ. ಅದನ್ನೂ ಒಂದೇ ಗಂಟು ಕೊಡುತ್ತಾರೆಂದಿಲ್ಲ, ಹಗಲಿಗೆ ಇಷ್ಟು, ರಾತ್ರಿಗೆ ಇಷ್ಟು ಎಂದು ಹಂಚುತ್ತಾರೆ. ಹಾಗಾಗಿ ದಾರಿಯಲ್ಲಿ ಎದುರಾದವರು ಒಬ್ಬರನ್ನೊಬ್ಬರು ಊಟದ ಬದಲು ಲೈನಿನ ಬಗ್ಗೆ ವಿಚಾರಿಸುತ್ತಾರೆ.

“ಲೈನ್ ಬಂತೇನಪಾ?”

“ಎಲ್ಲೀದು ಕಾಕಾ, ಈ ವಾರ ನಮ್ಮ ಫೀಡರಿಗಿ ರಾತ್ರಿ ಪಾಳಿ ಅದ. ಹತ್ತಕ್ಕ ಕೊಡ್ತಾರಂತ.”

ಕೊಡುವವರು ಯಾರು? ಆ ವಾಕ್ಯದಲ್ಲಿ ಅವರ ಹೆಸರಿಲ್ಲ. ಕೇಳಿದವನಿಗೂ ಬೇಕಿಲ್ಲ, ಹೇಳಿದವನಿಗೂ ಗೊತ್ತಿಲ್ಲ.

ಹೊಲದ ಗುಡಿಸಲ ಮುಂದೆ ಹೊರಸು ಹಾಕಿಕೊಂಡು ಮಲಗಿದವನಿಗೆ ನಡುರಾತ್ರಿ ಲೈನ್ ಬಂದದ್ದು ಹೇಗೆ ತಿಳಿಯಬೇಕು? ಸ್ಟಾರ್ಟರ್ ಡಬ್ಬಿಯ ಪಕ್ಕದಿಂದ ಒಂದು ವೈರ್ ಎಳೆದು, ತಲೆಯ ಮೇಲಿನ ಗಳಕ್ಕೆ ಬಲ್ಬು ತೂಗುಬಿಟ್ಟು, ಸ್ವಿಚ್ ಹಾಕಿಯೇ ಮಲಗುತ್ತಾರೆ. ಬೆಳಕು ರಪ್ಪನೆ ಮುಖಕ್ಕೆ ಬಿದ್ದರೆ ಲೈನ್ ಬಂತೆಂದು ಲೆಕ್ಕ. ಎದ್ದವನು ಮೊದಲು ಬ್ಯಾಟರಿ ಬಿಟ್ಟು ಕಾಲ ಬುಡ ನೋಡುತ್ತಾನೆ, ಹಾವು ಚೇಳು ಇದ್ದೀತೆಂದು. ಆಮೇಲೆ ಡಬ್ಬಿಯ ಮೂರು ಪುಟ್ಟ ದೀಪಗಳ ಕಡೆ ನೋಡುತ್ತಾನೆ. ಮೂರೂ ಹತ್ತಿದ್ದರೆ ಹಸಿರು ಗುಂಡಿ ಒತ್ತುತ್ತಾನೆ. ಎರಡೇ ಹತ್ತಿದ್ದರೆ ಕೈ ಹಿಂದೆ. ಒಂದು ಫೇಸ್ ಇಲ್ಲದೆ ಗುಂಡಿ ಒತ್ತಿದರೆ ಮೋಟಾರು ಗುರ್ ಎನ್ನುತ್ತದೆಯೇ ಹೊರತು ತಿರುಗುವುದಿಲ್ಲ, ಹಾಗೇ ಬಿಟ್ಟರೆ ಸುಟ್ಟು ಹೋಗಿ ಬೆಳಗ್ಗೆ ರಿವೈಂಡಿಂಗ್ ಅಂಗಡಿಯ ದಾರಿ ತೋರಿಸುತ್ತದೆ. ಈಗೀಗ ಆಟೋ ಸ್ಟಾರ್ಟರುಗಳು ಬಂದಿವೆ, ಲೈನ್ ಬಂದ ಕೂಡಲೇ ತಾವೇ ಮೋಟಾರು ಎಬ್ಬಿಸುತ್ತವೆ. ಆದರೆ ನೀರು ತಿರುಗಿಸಲು ಮನುಷ್ಯ ಏಳಲೇಬೇಕು. ಇಂಥವನ ಬಾಯಲ್ಲಿ ‘ಲೈನ್’ ಎಂದರೆ ತಂತಿಯೂ ಹೌದು, ಅದರೊಳಗೆ ಹರಿಯುವುದೂ ಹೌದು, ಅದು ಹರಿಯುವ ಹೊತ್ತೂ ಹೌದು.

ಲೈನಿನ ಜೊತೆ ಬಂದವನು ಲೈನ್‌ಮನ್. ಸರ್ಕಾರದ ಕಾಗದದಲ್ಲಿ ಅವನೀಗ ‘ಪವರ್‌ಮ್ಯಾನ್’. ಊರಿನವರು ಆ ಹೆಸರನ್ನು ಒಪ್ಪಿಲ್ಲ. ಪವರ್ ಇದ್ದವರು ಕಂಬ ಹತ್ತುತ್ತಾರೆಯೇ ಎಂಬ ಅನುಮಾನ ಇರಬೇಕು. ಅವನ ಇಲಾಖೆಯ ಹೆಸರಿಗೂ ಇದೇ ಗತಿ. ಮೊದಲು ಕೆಇಬಿ ಇತ್ತು, 1999ರಲ್ಲಿ ಕೆಪಿಟಿಸಿಎಲ್ ಆಯಿತು, 2002ರಲ್ಲಿ ನಮ್ಮ ಭಾಗಕ್ಕೆ ಜೆಸ್ಕಾಂ. ಮಸರಕಲ್ಲಿನವರಿಗೆ ಈಗಲೂ ಅದು ಕೆಇಬಿಯೇ. ಟ್ರಾನ್ಸ್‌ಫಾರ್ಮರನ್ನು ನಾವು ‘ಟಿಸಿ’ ಎನ್ನುತ್ತೇವೆ. ಸಾಲಿ ಬಿಡುವಾಗ ಹುಡುಗರಿಗೆ ಕೊಡುವುದೂ ಟಿಸಿ, ರೈಲಿನಲ್ಲಿ ಟಿಕೆಟ್ ಕೇಳುವವನೂ ಟಿಸಿ. “ಟಿಸಿ ಸುಟ್ಟಾದ” ಎಂದು ಮೊದಲ ಸಲ ಕೇಳಿದ ಹೊಸ ಮೇಷ್ಟ್ರಿಗೆ ಎದೆ ಧಸಕ್ಕೆಂದರೆ ತಪ್ಪು ಅವರದಲ್ಲ.

ಲೈನ್‌ಮನ್ ಕಂಬ ಹತ್ತುವ ಮೊದಲು ಮಾಡುವ ಒಂದು ಕೆಲಸವನ್ನು ನಾನು ಬಹಳ ಸಲ ನಿಂತು ನೋಡಿದ್ದೇನೆ. ಅವನು ಸ್ಟೇಷನ್ನಿಗೆ ಫೋನ್ ಮಾಡಿ “ಎಲ್‌ಸಿ ಕೊಡ್ರಿ ಸರ” ಎನ್ನುತ್ತಾನೆ. ಎಲ್‌ಸಿ ಎಂದರೆ ಲೈನ್ ಕ್ಲಿಯರ್. ಅತ್ತಲಿನ ಆಪರೇಟರ್ ಆ ಫೀಡರಿನ ಬ್ರೇಕರ್ ತೆಗೆದು, ಯಾರು ಕೇಳಿದರು, ಎಷ್ಟು ಹೊತ್ತಿಗೆ, ಯಾವ ಕೆಲಸಕ್ಕೆ ಎಂದು ಪುಸ್ತಕದಲ್ಲಿ ಬರೆದುಕೊಂಡು ಒಂದು ನಂಬರ್ ಹೇಳುತ್ತಾನೆ. ಇವನು ಅದನ್ನು ಅಂಗೈ ಮೇಲೆ ಪೆನ್ನಿನಿಂದ ಗೀಚಿಕೊಳ್ಳುತ್ತಾನೆ. ಅಷ್ಟಾದರೂ ನಂಬುವುದಿಲ್ಲ. ಕೊಕ್ಕೆಗೆ ಕಟ್ಟಿದ ವೈರಿನ ಇನ್ನೊಂದು ತುದಿಯನ್ನು ಮೊದಲು ನೆಲಕ್ಕೆ ಅರ್ಥ್ ಮಾಡಿ, ಉದ್ದ ಕೋಲಿನಿಂದ ಆ ಕೊಕ್ಕೆಯನ್ನು ತಂತಿಗೆ ಸಿಕ್ಕಿಸಿ, ಆಮೇಲೆ ಮೇಲೇರುತ್ತಾನೆ. ಇಳಿದ ಮೇಲೆ ಎಲ್ಲರೂ ಕೆಳಗೆ ಬಂದಿದ್ದಾರೆಂದು ಎಣಿಸಿ, “ಎಲ್‌ಸಿ ರಿಟರ್ನ್ ಸರ” ಎಂದು ಅದೇ ನಂಬರ್ ಹೇಳಿ ಒಪ್ಪಿಸಿದ ಮೇಲಷ್ಟೇ ಅತ್ತ ಚಾರ್ಜು. ಎಲ್‌ಸಿ ತೆಗೆದುಕೊಂಡವನೇ ಅದನ್ನು ಹಿಂದಿರುಗಿಸಬೇಕು. ಬೇರೆಯವನ ಮಾತಿಗೆ ಅಲ್ಲಿ ಕಿಮ್ಮತ್ತಿಲ್ಲ.

ಇದೇ ಎರಡು ಶಬ್ದ ರೈಲಿನವರ ಬಾಯಲ್ಲಿ ತಿರುಗಿ ನಿಲ್ಲುತ್ತವೆ. ರಾಯಚೂರು ಸ್ಟೇಷನ್ನಿನ ಮಾಸ್ತರರೂ ಮುಂದಿನ ಸ್ಟೇಷನ್ನಿಗೆ ಲೈನ್ ಕ್ಲಿಯರ್ ಕೇಳುತ್ತಾರೆ. ಮುಂದಿನ ದಾರಿಯಲ್ಲಿ ಬೇರೆ ಗಾಡಿ ಇಲ್ಲ, ನಿಮ್ಮದನ್ನು ಬಿಡಿ ಎಂದು ಅತ್ತಲಿನವರು ಒಪ್ಪಿದರೆ ಅದು ಲೈನ್ ಕ್ಲಿಯರ್. ಒಂಟಿ ಹಳಿಯ ಕಾಲದಲ್ಲಿ ಆ ಒಪ್ಪಿಗೆಗೆ ಗುರುತಾಗಿ ಯಂತ್ರದೊಳಗಿಂದ ಕಬ್ಬಿಣದ ಒಂದು ಗುಂಡು ಹೊರಬೀಳುತ್ತಿತ್ತು. ಅದನ್ನು ಚೀಲದಲ್ಲಿ ಹಾಕಿ, ಬೆತ್ತದ ಬಳೆಗೆ ಕಟ್ಟಿ ಡ್ರೈವರನ ಕೈಗೆ ಕೊಡುತ್ತಿದ್ದರು. ಗುಂಡು ಕೈಗೆ ಬಾರದೆ ಇಂಜಿನ್ ಮಿಸುಕುವಂತಿರಲಿಲ್ಲ. ಅಂದರೆ ರೈಲಿನವರಿಗೆ ಲೈನ್ ಕ್ಲಿಯರ್ ಎಂದರೆ ಹೊರಡು ಎಂದು, ಕರೆಂಟಿನವರಿಗೆ ಲೈನ್ ಕ್ಲಿಯರ್ ಎಂದರೆ ನಿಲ್ಲಿಸು ಎಂದು. ಎರಡು ಇಲಾಖೆಗೂ ಶಬ್ದ ಒಂದೇ, ಹುರುಳೂ ಒಂದೇ: ಆ ದಾರಿಯಲ್ಲಿ ಈಗ ಬೇರೇನೂ ಬರುವುದಿಲ್ಲ ಎಂಬ ಭರವಸೆ. ಭರವಸೆ ಸುಳ್ಳಾದರೆ ಎರಡರಲ್ಲೂ ಸಾವು.

ರೈಲಿನ ಮಾತು ಬಂತು, ನಮ್ಮ ಜಿಲ್ಲೆಯ ಹೆಚ್ಚುಗಾರಿಕೆಯನ್ನು ಹೇಳದೆ ಮುಂದೆ ಹೋಗಲಾರೆ. ಮುಂಬೈ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯವರು, ಮದ್ರಾಸ್ ಕಡೆಯಿಂದ ಮದ್ರಾಸ್ ರೈಲ್ವೆಯವರು ಹಳಿ ಹಾಕುತ್ತಾ ಬಂದು 1871ರಲ್ಲಿ ಕೂಡಿಕೊಂಡದ್ದು ರಾಯಚೂರಿನಲ್ಲಿ. 1853ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ 1860ರಲ್ಲಿ ನಿಜಾಮರಿಗೆ ವಾಪಸಾದ ದೋಆಬದ ಈ ಮೂಲೆಯಲ್ಲಿ ಎರಡು ಪ್ರೆಸಿಡೆನ್ಸಿಗಳ ಲೈನ್ ಒಂದಾಯಿತು. ಎರಡನೆಯ ಕೂಡಿಕೆ ಕರೆಂಟಿನದು, ನಮ್ಮ ಕಾಲದ್ದೇ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಲ್ಲಿ ಮುಳುಗಿತ್ತಲ್ಲ, ಆಗ ದಕ್ಷಿಣಕ್ಕೆ ಬಿಸಿ ತಟ್ಟಲಿಲ್ಲ. ನಮ್ಮ ಗ್ರಿಡ್ಡು ಆಗ ಉಳಿದ ದೇಶದ ಜೊತೆ ಒಂದೇ ತಾಳಕ್ಕೆ ಕೂಡಿರಲಿಲ್ಲ. 2013ರ ಡಿಸೆಂಬರ್ 31ರಂದು 765 ಕಿಲೋವೋಲ್ಟಿನ ರಾಯಚೂರು–ಸೊಲ್ಲಾಪುರ ಲೈನ್ ಚಾಲೂ ಮಾಡಿ ಕೂಡಿಸಿದರು. ಅಂದಿನಿಂದ ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಒಂದೇ ಗ್ರಿಡ್ಡು, ಸೆಕೆಂಡಿಗೆ 50 ಆವರ್ತನದ ಒಂದೇ ಲಯ. ನಮ್ಮ ಜಿಲ್ಲೆಯ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ನಿಮಿಷಕ್ಕೆ 3000 ಸುತ್ತು ತಿರುಗುವ ಟರ್ಬೈನು ಈಗ ದೇಶದ ಉಳಿದೆಲ್ಲ ಟರ್ಬೈನುಗಳ ಜೊತೆ ಹೆಜ್ಜೆ ಹಾಕುತ್ತದೆ.

ಹೀಗೆ ದೇಶದ ದೊಡ್ಡ ಲೈನುಗಳು ಎರಡು ಸಲ ನಮ್ಮ ಜಿಲ್ಲೆಯಲ್ಲಿ ಕೈಕುಲುಕಿವೆ. ಶಕ್ತಿನಗರದ ಎಂಟು ಘಟಕಗಳದು 1720 ಮೆಗಾವಾಟ್, ಯರಮರಸಿನ ಎರಡರದು 1600. ದೀಪದ ಬುಡದ ಕತ್ತಲೆಯ ಗಾದೆಯನ್ನು ನಮ್ಮ ಭಾಷಣಕಾರರು ಸವೆಸಿಬಿಟ್ಟಿರುವುದರಿಂದ ನಾನು ಮತ್ತೆ ಹೇಳುವುದಿಲ್ಲ. ದೊಡ್ಡ ಲೈನ್ ನಮ್ಮ ನೆಲದ ಮೇಲೆ ಹಾದುಹೋಗುವುದಕ್ಕೂ ಸಣ್ಣ ಲೈನ್ ನಮ್ಮ ಸ್ಟಾರ್ಟರಿಗೆ ಬರುವುದಕ್ಕೂ ಸಂಬಂಧವಿಲ್ಲ ಎಂಬುದನ್ನು ಮಾತ್ರ ಇಲ್ಲಿನ ಹುಡುಗರಿಗೂ ಯಾರೂ ಕಲಿಸಬೇಕಿಲ್ಲ. ರೈಲಿನದೂ ಅದೇ ಕಥೆ. ಮುನಿರಾಬಾದ್–ಮಹಬೂಬನಗರ ಲೈನಿಗೆ ಮಂಜೂರಾತಿ ಸಿಕ್ಕಿದ್ದು 1997-98ರಲ್ಲಿ. ಅದು ಗಂಗಾವತಿ, ಕಾರಟಗಿ ದಾಟಿ ಸಿಂಧನೂರಿಗೆ ಮುಟ್ಟಿದಾಗ 2024. ಮುಂದೆ ಮಾನ್ವಿ, ಅದರ ಮುಂದೆ ರಾಯಚೂರು. ಮಂಜೂರಾದ ವರ್ಷ ಹುಟ್ಟಿದ ಮಾನ್ವಿಯ ಕೂಸಿಗೆ ಈಗ ಮದುವೆಯಾಗಿ ಮಕ್ಕಳಿರಬಹುದು. ದೇವದುರ್ಗದವರು ಆ ಲೈನಿನಲ್ಲೂ ಇಲ್ಲ. ನಾವು ರೈಲು ಹತ್ತಬೇಕೆಂದರೆ ಬಸ್ಸು ಹಿಡಿದು ರಾಯಚೂರಿಗೋ ಯಾದಗಿರಿಗೋ ಹೋಗಬೇಕು.

ಇಷ್ಟೆಲ್ಲ ಲೈನುಗಳ ನಡುವೆ ಬೆಳೆದ ನನಗೆ ಒಂದು ಗುಮಾನಿ ಬಹಳ ದಿನದಿಂದ ಇದೆ. ನಾವೇ ಎಳೆದದ್ದಕ್ಕೆ ನಮ್ಮಲ್ಲಿ ಕನ್ನಡದ ಹೆಸರಿದೆ: ಸಾಲು, ಗೆರಿ, ಓಳಿ, ಬದು. ಬೇರೆಯವರು ಎಳೆದು ನಮ್ಮ ಕಡೆ ಬಿಟ್ಟದ್ದು ಲೈನು. ಅವುಗಳಿಗೆ ಅಂಟುವ ಕ್ರಿಯಾಪದ ನೋಡಿ. ಸಾಲು ಹೊಡೆಯುತ್ತೇವೆ, ಗೆರಿ ಕೊರೆಯುತ್ತೇವೆ, ಬದು ಹಾಕುತ್ತೇವೆ. ಲೈನ್ ಮಾತ್ರ ಬರುತ್ತದೆ, ಹೋಗುತ್ತದೆ, ಸಿಗುತ್ತದೆ, ಕಟ್ಟಾಗುತ್ತದೆ. ಹತ್ತಿ ಊರುವ ಮುಂಚೆ ಹೊಲದ ಉದ್ದಕ್ಕೂ ಅಡ್ಡಕ್ಕೂ ಎತ್ತು ಹೂಡಿ ಗೆರಿ ಹಾಕುತ್ತಾರೆ. ಎರಡು ಗೆರಿ ಕೂಡಿದ ಕಡೆ ಹೆಣ್ಣುಮಕ್ಕಳು ಬಗ್ಗಿ ಬೀಜ ಊರುತ್ತಾ ಹೋಗುತ್ತಾರೆ. ಹಾಗೆ ಮಾಡಿದರೆ ಮುಂದೆ ಎಡಿ ಹೊಡೆಯುವಾಗ ಕುಂಟೆ ಎರಡು ದಿಕ್ಕಿಗೂ ಓಡುತ್ತದೆ, ಕೈಗಳೆಯ ಖರ್ಚು ಉಳಿಯುತ್ತದೆ. ಹದ ಬಿದ್ದ ಕರಿ ನೆಲದ ಮೇಲೆ ಆ ಚೌಕಗಳನ್ನು ನೋಡುವುದೇ ಒಂದು ಸುಖ. ಜಗತ್ತಿನಲ್ಲಿ ಇದಕ್ಕಿಂತ ನೆಟ್ಟನೆಯ ಲೈನ್ ಇಲ್ಲ, ಆದರೆ ಊರಲ್ಲಿ ಯಾರೂ ಅದನ್ನು ಲೈನ್ ಎನ್ನುವುದಿಲ್ಲ. ಕೃಷಿ ಇಲಾಖೆಯ ಸಾಹೇಬರು ಬಂದು ಕರಪತ್ರ ಹಂಚಿದ ದಿನ ಮಾತ್ರ ಅದು ‘ಲೈನ್ ಸೋಯಿಂಗ್’ ಆಗುತ್ತದೆ.

ಕಬಡ್ಡಿಯಲ್ಲೂ ಇದನ್ನು ಗಮನಿಸಿದ್ದೇನೆ. ಹುಡುಗರು ತಾವೇ ಆಡುವಾಗ ಹಿಮ್ಮಡಿಯಿಂದ ಮಣ್ಣು ಗೀಚಿ ಗೆರಿ ಹಾಕಿಕೊಳ್ಳುತ್ತಾರೆ. “ಗೆರಿ ಮುಟ್ಟೀನಿ”, “ಮುಟ್ಟಿಲ್ಲ ತಗಿ” ಎಂದು ಜಗಳಾಡುತ್ತಾರೆ. ಜಾತ್ರೆಗೆ ಪಂದ್ಯಾವಳಿ ಇಟ್ಟು, ಸುಣ್ಣದ ಪುಡಿ ಸುರಿದು, ರೆಫರಿ ಸೀಟಿ ಹಿಡಿದು ನಿಂತರೆ ಅದೇ ಗೆರಿ ಬೋನಸ್ ಲೈನ್, ಬಾಕ್ ಲೈನ್ ಆಗುತ್ತದೆ. ಜಗಳ ಅಲ್ಲೂ ಇರುತ್ತದೆ, ತೀರ್ಪು ಮಾತ್ರ ಸೀಟಿಯವನದು.

ನನ್ನ ಗುಮಾನಿಗೆ ಅಪವಾದ ಇಲ್ಲವೆಂದಲ್ಲ. ಹುಡುಗರು ‘ಲೈನ್ ಹೊಡೆಯುತ್ತಾರೆ’. ಅದನ್ನು ಯಾವ ಇಲಾಖೆಯೂ ಕೊಡುವುದಿಲ್ಲ, ಸ್ವಂತ ಉದ್ಯೋಗ. ಅಲ್ಲಿಯೂ ಲೈನ್ ಸಿಕ್ಕಿತು, ಸಿಗಲಿಲ್ಲ ಎಂಬ ಮಾತೇ ಕೇಳಿಬರುವುದರಿಂದ ಕಡೆಗೆ ಸ್ವಿಚ್ಚು ಅತ್ತಲಿನವರ ಕೈಯಲ್ಲೇ ಇದೆ ಎಂದುಕೊಳ್ಳಬಹುದು. ಈ ವಿಷಯದಲ್ಲಿ ನನ್ನ ವಯಸ್ಸಿನವರು ಇದಕ್ಕಿಂತ ಹೆಚ್ಚು ಬರೆಯುವುದು ಮರ್ಯಾದೆಯಲ್ಲ.

ಸಾಲಿಯ ಲೈನಿಗೆ ಬರೋಣ. ಶಾಲೆಯನ್ನು ನಾವು ಸಾಲಿ ಎನ್ನುವುದರಿಂದ ಅದು ಸಾಲಿನ ಅಕ್ಕನಂತೆ ಕೇಳಿಸುತ್ತದೆ, ಅಲ್ಲಿ ಮೊದಲು ಕಲಿಸುವುದೂ ಸಾಲಾಗಿ ನಿಲ್ಲುವುದನ್ನೇ. “ಲೈನ್ ಹಚ್ರಿ, ಸಣ್ಣೋರು ಮುಂದ, ದೊಡ್ಡೋರು ಹಿಂದ.” ಅದರ ನಂತರದ್ದು ನೋಟ್‌ಬುಕ್ಕಿನ ಲೈನು. ಕನ್ನಡದ ಮೇಷ್ಟ್ರು ಸಿಂಗಲ್ ಲೈನ್ ತರಲು ಹೇಳುತ್ತಾರೆ, ಇಂಗ್ಲಿಷಿನವರು ನಾಲ್ಕು ಲೈನಿನದು. ಯಾಕೆ ಹೀಗೆಂದು ಚಿಕ್ಕಂದಿನಲ್ಲಿ ನನಗೆ ಯಾರೂ ಹೇಳಲಿಲ್ಲ, ಹೇಳಬಹುದಿತ್ತು. ಕನ್ನಡದ ಅಕ್ಷರ ಗೆರೆಯ ಮೇಲೆ ಕಟ್ಟೆ ಹತ್ತಿದ ಗೌಡರ ಹಾಗೆ ಕೂರುತ್ತದೆ. ಹಿಂದಿಯದು ಗೆರೆ ಹಿಡಿದು ಕೆಳಕ್ಕೆ ಜೋತುಬೀಳುತ್ತದೆ. ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಕೆಲವು ಮೇಲಕ್ಕೆ ಏಣಿ ಹಾಕುತ್ತವೆ, ‘ಜಿ’ಯೂ ‘ವೈ’ಯೂ ಕೆಳಕ್ಕೆ ಬಾಲ ಬಿಡುತ್ತವೆ, ಅವಕ್ಕೆ ನಾಲ್ಕು ಗೆರೆ ಇಲ್ಲದೆ ತೀರದು. ಕನ್ನಡಕ್ಕೂ ಒಂದು ಕೀಟಲೆ ಇದೆ, ಒತ್ತಕ್ಷರ. ನಮ್ಮೂರಿನ ಹೆಸರನ್ನು ‘ಮಸರಕಲ್ಲು’ ಎಂದು ಬರೆದರೆ ಕೊನೆಯ ಲಕಾರದ ಒತ್ತು ಗೆರೆಯ ಕೆಳಗಿಳಿದು, ಮುಂದಿನ ಸಾಲಿನ ತಲೆಕಟ್ಟಿಗೋ ಗುಡಿಸಿಗೋ ಹೋಗಿ ಢಿಕ್ಕಿ ಹೊಡೆಯುತ್ತದೆ. ಒಂದನೇ ಈಯತ್ತೆಯ ಮಕ್ಕಳು ಅದಕ್ಕೇ ಒಂದು ಗೆರೆ ಬಿಟ್ಟು ಒಂದು ಗೆರೆ ಬರೆಯುತ್ತಾರೆ. ಹಾಳೆ ಉಳಿಸಲು ಹೇಳುವ ಮೇಷ್ಟ್ರಿಗೂ ಒತ್ತಿಗೆ ಜಾಗ ಕೇಳುವ ಕೂಸಿಗೂ ವರ್ಷವಿಡೀ ತಕರಾರು.

ನಿಲ್ಲುವ ಲೈನು ಸಾಲಿಯಲ್ಲಿ ಮುಗಿಯುವುದಿಲ್ಲ. ಮುಂಗಾರಿನಲ್ಲಿ ಬೀಜಕ್ಕೆ, ಮಳೆ ಹಿಡಿದ ಮೇಲೆ ಯೂರಿಯಾಕ್ಕೆ, ತಿಂಗಳಿಗೊಮ್ಮೆ ರೇಷನ್ನಿಗೆ. ಗೊಬ್ಬರದ ಲಾರಿ ಬರುತ್ತದೆಂಬ ಸುದ್ದಿ ಹಬ್ಬಿದ ದಿನ ಅಂಗಡಿ ಮುಂದೆ ನಸುಕಿನಲ್ಲಿ ಹೋಗಿ ನೋಡಿ. ಮನುಷ್ಯರಿರುವುದಿಲ್ಲ, ಲೈನ್ ಇರುತ್ತದೆ. ಚಪ್ಪಲಿಗಳು, ಕಲ್ಲುಗಳು, ಕಲ್ಲಿನ ಕೆಳಗೆ ಆಧಾರ್ ಝೆರಾಕ್ಸು, ಒಂದು ನೀರಿನ ಬಾಟಲಿ, ಯಾರದೋ ಟವೆಲ್ಲಿನ ಗಂಟು, ಎಲ್ಲ ಒಂದರ ಹಿಂದೊಂದು. ಅವುಗಳ ಒಡೆಯರು ಎದುರಿನ ಗಿಡದ ಕೆಳಗೆ ಬೀಡಿ ಸೇದುತ್ತಾ ಕೂತಿರುತ್ತಾರೆ. ಷಟರ್ ಸದ್ದಾಗುತ್ತಿದ್ದಂತೆ ಎಲ್ಲರೂ ಓಡಿಬಂದು ತಮ್ಮ ತಮ್ಮ ಚಪ್ಪಲಿಯೊಳಗೆ ಕಾಲು ತೂರಿಸಿ ನಿಂತರೆ ಲೈನಿಗೆ ಜೀವ ಬರುತ್ತದೆ. “ನನ್ನ ಕಲ್ಲು ಇಲ್ಲಿತ್ತು, ಯಾರಲೇ ಸರ್ಸಿದವ್ರು?” ಎಂಬ ಜಗಳಕ್ಕೆ ಸಾಕ್ಷಿ ಹೇಳಲು ಕಲ್ಲಿಗೆ ಬಾಯಿಲ್ಲ.

ಇದಕ್ಕೆ ನಮ್ಮಲ್ಲಿ ಹಳೆಯ ಶಬ್ದವೊಂದಿದೆ, ಪಾಳಿ. ಪಾಳಿ ಎಂದರೆ ಸರದಿ, ಹಕ್ಕು. ಲೈನ್ ಎಂದರೆ ನಿಂತ ಮೈಗಳು. ಎರಡನ್ನೂ ನಮ್ಮ ಜನ ಕಲಸುವುದಿಲ್ಲ. ಸಂಜೆ ಬರಿಗೈಲಿ ಬಂದ ಹೆಣ್ಣುಮಗಳು ಮನೆಯಲ್ಲಿ ಹೇಳುವುದನ್ನು ಕೇಳಿ: “ಲೈನಿನ್ಯಾಗ ನಿಂತಿದ್ನೆವ್ವಾ, ಪಾಳಿ ಬರ್ಲಿಲ್ಲ.” ಕಾಲುವೆ ನೀರಿಗೆ, ಬಾವಿಗೆ, ಗಿರಣಿಗೆ ಪಾಳಿ ಇತ್ತು, ಪಾಳಿ ಹಚ್ಚಿ ಮನೆಗೆ ಹೋಗಿ ರೊಟ್ಟಿ ಬಡಿದು ಬರಬಹುದಿತ್ತು. ಲೈನ್ ಬಿಟ್ಟು ಹೋದರೆ ಹೋಯಿತು. ಹಾಗೆ ನೋಡಿದರೆ ನಸುಕಿನ ಆ ಚಪ್ಪಲಿಗಳು ಲೈನನ್ನು ಮತ್ತೆ ಪಾಳಿ ಮಾಡುವ ರೈತರ ಉಪಾಯ. ನನಗೆ ಅದು ಇಷ್ಟ.

ಕಣ್ಣಿಗೆ ಕಾಣದ ಲೈನೊಂದಿದೆ. ಬಿಪಿಎಲ್ ಕಾರ್ಡ್ ಗೊತ್ತಿಲ್ಲದ ಮನೆ ಇಲ್ಲ, ಅದರ ಕೊನೆಯ ‘ಎಲ್’ ಲೈನ್ ಎಂದು ಗೊತ್ತಿರುವ ಮನೆ ಅಪರೂಪ. ದಿನಕ್ಕೆ ಇಷ್ಟು ಉಣ್ಣಲು ಸಾಕಾಗುವ ಖರ್ಚು ಇಲ್ಲದವರು ಬಡತನದ ಆ ಗೆರೆಯ ಕೆಳಗೆ. 1979ರಲ್ಲಿ ದೆಹಲಿಯ ಸಮಿತಿಯೊಂದು ಹಳ್ಳಿಯವನಿಗೆ 2400 ಕ್ಯಾಲೊರಿ, ಪಟ್ಟಣದವನಿಗೆ 2100 ಎಂದು ಲೆಕ್ಕ ಹಾಕಿತ್ತು. ಹಳ್ಳಿಯವ ದುಡಿಯುತ್ತಾನೆ, ಹೆಚ್ಚು ಉಣ್ಣಬೇಕು ಎಂಬುದನ್ನು ಒಪ್ಪಿದ ಆ ಸಮಿತಿಯ ಮೇಲೆ ನನಗೆ ಗೌರವವಿದೆ. 2002ರಲ್ಲಿ ಡಿ.ಎಂ. ನಂಜುಂಡಪ್ಪನವರ ಸಮಿತಿ ರಾಜ್ಯದ ತಾಲೂಕುಗಳನ್ನೇ ತೂಗಿ ನೋಡಿ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದಿತು. ನಮ್ಮ ದೇವದುರ್ಗ ಅದರಲ್ಲಿದೆ. ಎಲ್ಲ ಲೈನುಗಳಲ್ಲೂ ಮುಂದೆ ಹೋಗಲು ನೂಕಾಡುವ ಜನ, ಈ ಒಂದು ಲೈನಿನಿಂದ ಮಾತ್ರ ಮೇಲೆ ಹೋಗಿಬಿಟ್ಟೇವೆಂದು ಹೆದರುತ್ತಾರೆ. ಕಾರ್ಡು ರದ್ದಾದರೆ ಅಕ್ಕಿ ಹೋಗುತ್ತದೆ, ದವಾಖಾನೆಯ ರಿಯಾಯಿತಿ ಹೋಗುತ್ತದೆ. ನಕ್ಕು ಬಿಡುವ ಮಾತಲ್ಲ ಇದು. ಗೆರೆಯ ಮೇಲೆ ಒಂದು ಗೇಣು ಎತ್ತರದಲ್ಲಿರುವವನಿಗೆ ಕೆಳಗಿರುವವನಿಗಿಂತ ಕಷ್ಟ ಹೆಚ್ಚು ಎಂದು ಅವರು ಅನುಭವದಿಂದ ಬಲ್ಲರು.

ಇತ್ತೀಚೆಗೆ ಬಂದ ಮರಿ ‘ಆನ್‌ಲೈನ್’. ಲೈನ್ ಹಚ್ಚುವ ಕಾಟ ತಪ್ಪಿಸಲೆಂದೇ ಅದು ಬಂದದ್ದು. ಆದರೆ 2023ರ ಜುಲೈನಲ್ಲಿ ಗೃಹಲಕ್ಷ್ಮಿಯ ನೋಂದಣಿ ಶುರುವಾದಾಗ ತಿಂಗಳಿಗೆ 2000 ರೂಪಾಯಿಯ ಆಸೆಗೆ ನಮ್ಮ ಅಕ್ಕ-ತಂಗಿಯರು ಆನ್‌ಲೈನ್ ಆಗಲು ಲೈನ್ ಹಚ್ಚಿದರು. ಸರ್ವರ್ ಡೌನ್. “ಆನ್‌ಲೈನಿಗೆ ಲೈನ್ ಇಲ್ಲಂತ” ಎಂದು ಒಬ್ಬ ಅತ್ತಿ ಸೊಸೆಗೆ ವರದಿ ಒಪ್ಪಿಸಿದಳು. ಮೂರು ಶಬ್ದದಲ್ಲಿ ಇದಕ್ಕಿಂತ ಚೆನ್ನಾಗಿ ಆಡಳಿತದ ವಿಮರ್ಶೆ ಮಾಡುವುದು ನನ್ನಿಂದ ಆಗದು. ‘ಆನ್‌ಲೈನ್ ಆಗಿಲ್ಲ’ ಎಂಬುದಕ್ಕೆ ಈಗ ಹೊಲ ಇನ್ನೂ ನಿನ್ನ ಹೆಸರಿಗೆ ಬಂದಿಲ್ಲ, ಪಹಣಿಯಲ್ಲಿ ಸೇರಿಲ್ಲ ಎಂಬ ಅರ್ಥವೂ ಬಂದಿದೆ.

ದವಾಖಾನೆಯ ಲೈನು ರಕ್ತನಾಳಕ್ಕೆ ಚುಚ್ಚುವ ಸೂಜಿ. “ಅಜ್ಜಿಗೆ ಲೈನ್ ಹಾಕ್ರಿ” ಎಂದು ಡಾಕ್ಟರು ನರ್ಸಿಗೆ ಹೇಳಿದ್ದನ್ನು ಕೇಳಿ ಹಾಸಿಗೆಯ ಮೇಲಿದ್ದ ಮುದುಕಿ ಹೌಹಾರಿದಳು: “ನನಗ ನಿಂದ್ರಾಕ ಆಗಲ್ಲ ಯವ್ವಾ, ಇಲ್ಲೇ ಕುಂದರ್ತೀನಿ!” ಗುಳೆ ಹೋದವರಿಗೆ ಇನ್ನೂ ಒಂದು ಅರ್ಥ ಗೊತ್ತು. ಮಲೆನಾಡು, ಕೊಡಗಿನ ಕಾಫಿ ತೋಟಗಳಲ್ಲಿ ಆಳುಗಳಿಗೆ ಕಟ್ಟಿದ ಸಾಲುಕೋಣೆಗಳು ‘ಲೈನ್ ಮನೆ’. ಪೊಲೀಸರಿಗೆ ಪೊಲೀಸ್ ಲೈನ್. ನಮ್ಮ ಲಿಂಗಸುಗೂರು ಒಂದು ಕಾಲಕ್ಕೆ ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ಛಾವಣಿಯಾಗಿದ್ದ ಊರು. ಸಿಪಾಯಿಗಳನ್ನು ಸಾಲಿನಲ್ಲಿ ನಿಲ್ಲಿಸುವವರು ಮಲಗಿಸುವುದನ್ನೂ ಸಾಲಿನಲ್ಲೇ ಮಾಡಿದರು, ಆಳುಗಳಿಗೂ ಅದೇ ನಕ್ಷೆ ಬಂತು ಎಂದು ಕಾಣುತ್ತದೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದವರನ್ನು ಮಾತಿಗೆಳೆದರೆ ಅವರ ‘ಲೈನ್’ ಒಂದು ವಂಶ. ಜೋಳದ ಹೈಬ್ರಿಡ್ ಮಾಡಲು ಗಂಡಿನ ಶಕ್ತಿ ಇಲ್ಲದ ‘ಎ ಲೈನ್’ ಬೇಕು, ಅದನ್ನು ಕಾಪಾಡಿಕೊಂಡು ಹೋಗುವ ‘ಬಿ ಲೈನ್’ ಬೇಕು, ಕಾಳು ಕಟ್ಟುವ ಗುಣ ಮರಳಿ ಕೊಡುವ ‘ಆರ್ ಲೈನ್’ ಬೇಕು. ನಮ್ಮೂರ ಸಂಬಂಧ ಕೂಡಿಸುವ ಹಿರಿಯರೂ ಇಷ್ಟು ಲೆಕ್ಕ ಹಾಕುವುದಿಲ್ಲ.

ಈ ಎಲ್ಲಕ್ಕೂ ಮೂಲವೇನೆಂದು ನಿಘಂಟು ತೆಗೆದರೆ ಲ್ಯಾಟಿನ್ನಿನ ‘ಲಿನಮ್’ ಎನ್ನುತ್ತದೆ, ಅಂದರೆ ನಮ್ಮ ಅಗಸಿ ಗಿಡ. ಅದರ ನಾರಿನ ದಾರ ‘ಲಿನಿಯಾ’, ದಾರದ ಹಾಗೆ ನೆಟ್ಟಗಿರುವುದು ಲೈನು. ಬಿಳಿ ಜೋಳದ ರೊಟ್ಟಿಯ ಜೊತೆ ನಾವು ಅಗಸಿ ಹಿಂಡಿಯಾಗಿ ತಿನ್ನುವುದೂ ಅದೇ ಗಿಡದ ಬೀಜವನ್ನು. ಗೌಂಡಿಗಳು ಮಾತ್ರ ನಿಘಂಟು ನೋಡದೆ ಮೂಲಾರ್ಥ ಉಳಿಸಿಕೊಂಡಿದ್ದಾರೆ. ಎರಡು ಮೂಲೆಗೆ ಮೊಳೆ ಹೊಡೆದು ದಾರ ಬಿಗಿದು, ಬೆರಳಿಂದ ಟಣ್ಣೆಂದು ಮಿಡಿದು, “ಲೈನ್ ಬರಾಬರ್ ಅದ, ಕಲ್ಲು ಕೊಡು” ಎನ್ನುತ್ತಾರೆ. ಅವರ ಲೈನು ಈಗಲೂ ದಾರವೇ. ಮತ್ತು ಅದನ್ನು ಅವರೇ ಕಟ್ಟುತ್ತಾರೆ, ಆದ್ದರಿಂದ ನನ್ನ ಗುಮಾನಿಗೆ ಇದು ಎರಡನೇ ಅಪವಾದ.

ಇನ್ನೊಂದು ಮಾತು ಉಳಿದಿದೆ, ಅದು ಶಬ್ದದ ಬಗ್ಗೆ ಅಲ್ಲ. ಮುಂಗಾರಿನ ಮೊದಲ ಗಾಳಿ-ಮಳೆಗೆ ನಮ್ಮ ಕರಿ ನೆಲದಲ್ಲಿ ಕಂಬಗಳು ವಾಲುತ್ತವೆ, ತಂತಿಗಳು ಹರಿದು ಬದುವಿನ ಹುಲ್ಲಿನಲ್ಲಿ ಬೀಳುತ್ತವೆ. “ಲೈನ್ ಹೋಗ್ಯಾದ ತಗೋ” ಎಂದು ತಂತಿ ಸರಿಸುವವರು, ಲೈನ್‌ಮನ್ ಬರುವವರೆಗೆ ಯಾಕೆ ಕಾಯಬೇಕೆಂದು ಟಿಸಿಯ ಫ್ಯೂಜು ತಾವೇ ಹಾಕುವವರು ಎಲ್ಲ ಊರಲ್ಲೂ ಇದ್ದಾರೆ. ಹೋದ ಲೈನು ಯಾವ ಗಳಿಗೆಯಲ್ಲಾದರೂ ಬರಬಹುದು. ನಿಮ್ಮ ಕೈಯಲ್ಲಿ ಎಲ್‌ಸಿ ನಂಬರಿಲ್ಲ, ನೀವು ಮೇಲಿದ್ದೀರೆಂದು ಸ್ಟೇಷನ್ನಿನವರಿಗೆ ಗೊತ್ತಿಲ್ಲ. ಬಿದ್ದ ತಂತಿಯ ಹತ್ತಿರ ಹೋಗಬೇಡಿ, ದನಕರುಗಳನ್ನೂ ಬಿಡಬೇಡಿ, ಒಬ್ಬರನ್ನು ದೂರದಲ್ಲಿ ಕಾವಲು ನಿಲ್ಲಿಸಿ 1912ಕ್ಕೆ ಫೋನ್ ಮಾಡಿ. ಆ ಲೈನು ಸಿಗಲು ಹೊತ್ತು ಹಿಡಿದರೂ ಕಾಯಿರಿ.